ಕಾಮಾಲೆ: ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಬಣ್ಣ ಒಂದೇ, ಕಾರಣ ಹಲವು

ಮೊಳಕಾಲ್ಮೂರು: ಚಿತ್ರದುರ್ಗ ಜಿಲ್ಲೆಯ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಕಿರು ಶಾಸನವಿದೆ. ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳೊಂದಿಗೆ ಇದನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅಕ್ಷರಗಳು ಬಹುಪಾಲು ಸವೆದುಹೋಗಿವೆಯಾದರೂ, ತಂದೆತಾಯಿಯರಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಈ ಶಾಸನಗಳ ಉಪದೇಶದ ಸಾರವಾಗಿದೆ. ಇದೇ ಚಕ್ರವರ್ತಿಯ ಎರಡನೆಯ ಬೃಹತ್ ಶಿಲಾಶಾಸನವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ದೊರೆತಿದ್ದು, ಅದರಲ್ಲಿ ಮನುಷ್ಯರಿಗೆ ಮತ್ತು ಪಶುಗಳಿಗೆ ಎಂದು ಎರಡು ಬಗೆಯ ಚಿಕಿತ್ಸೆಯ ವ್ಯವಸ್ಥೆ ಮಾಡಿದ ಉಲ್ಲೇಖವಿದೆ.

ಮನುಷ್ಯರ ಮತ್ತು ಪಶುಗಳ ಆರೋಗ್ಯವನ್ನು ಒಟ್ಟಿಗೆ ನೋಡುವ ಈ ಕ್ರಮ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಗೆ ಇಂದಿಗೂ ಪ್ರಸ್ತುತವಾಗಿದೆ. ಕುರಿ ಮಂದೆ, ಕಂಬಳಿ ನೇಯ್ಗೆ, ಅಮೃತಮಹಲ್ ಕಾವಲುಗಳು ಹಾಗೂ ಮ್ಯಾಸ ನಾಯಕರ ದೇವರ ಎತ್ತುಗಳಿಗೆ ಹೆಸರಾದ ಈ ಬಯಲಿನಲ್ಲಿ ಮನೆ ಮತ್ತು ಕೊಟ್ಟಿಗೆಯ ನಡುವಿನ ಅಂತರ ಕಡಿಮೆ. ಮಳೆಯೂ ಕಡಿಮೆ. ಹಲವೆಡೆ ಜನರಿಗೂ ಜಾನುವಾರುಗಳಿಗೂ ನೀರಿನ ಮೂಲ ಒಂದೇ. ಮನೆಯಲ್ಲಿ ಯಾರಿಗಾದರೂ ಅಥವಾ ಕೊಟ್ಟಿಗೆಯಲ್ಲಿ ಯಾವುದಾದರೂ ಪ್ರಾಣಿಗೆ ಕಣ್ಣು ಹಳದಿಯಾದಾಗ ಎರಡಕ್ಕೂ ಜನ ಹೇಳುವ ಹೆಸರು ಸಹ ಒಂದೇ: ಕಾಮಾಲೆ ಅಥವಾ ಜಾಂಡೀಸ್.

ಆದರೆ ಕಾಮಾಲೆ ಒಂದು ರೋಗವಲ್ಲ, ಅದು ರೋಗಲಕ್ಷಣ. ಜ್ವರಕ್ಕೆ ಹೇಗೆ ನೂರು ಕಾರಣಗಳಿವೆಯೋ ಹಾಗೆಯೇ ಹಳದಿ ಕಣ್ಣಿಗೂ ಹತ್ತಾರು ಕಾರಣಗಳಿವೆ. ಕೆಲವು ತಾವಾಗಿಯೇ ವಾಸಿಯಾಗುತ್ತವೆ. ಕೆಲವು ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತವೆ. ಕಾರಣವನ್ನು ಕಂಡುಕೊಳ್ಳದೆ ಎಲ್ಲಕ್ಕೂ ಒಂದೇ ಮದ್ದು ಮಾಡುವುದರಲ್ಲಿ ಅಪಾಯ ಅಡಗಿದೆ.

ಹಳದಿ ಬಣ್ಣ ಎಲ್ಲಿಂದ ಬರುತ್ತದೆ?

ರಕ್ತದಲ್ಲಿನ ಕೆಂಪು ಕಣಗಳಿಗೆ ನಿಗದಿತ ಆಯಸ್ಸಿದೆ. ಮನುಷ್ಯರಲ್ಲಿ ಇದು ಸುಮಾರು 120 ದಿನಗಳು. ಹಳೆಯ ಕಣಗಳು ಒಡೆದಾಗ ಅವುಗಳಲ್ಲಿರುವ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಉತ್ಪತ್ತಿಯಾಗುತ್ತದೆ. ಯಕೃತ್ತು ಇದನ್ನು ಸಂಸ್ಕರಿಸಿ ಪಿತ್ತರಸದ ಮೂಲಕ ಕರುಳಿಗೆ ಕಳುಹಿಸುತ್ತದೆ. ಮಲಕ್ಕೆ ಅದರ ಸಹಜ ಬಣ್ಣ ಬರುವುದು ಇದರಿಂದಲೇ.

ಈ ಹಾದಿಯಲ್ಲಿ ಮೂರು ಕಡೆ ತೊಂದರೆಯಾಗಬಹುದು. ಮೊದಲನೆಯದು, ಕೆಂಪು ಕಣಗಳು ಅತಿಯಾಗಿ ಒಡೆಯುವುದು. ಎರಡನೆಯದು, ಯಕೃತ್ತೇ ಕೆಡುವುದು. ಮೂರನೆಯದು, ಪಿತ್ತನಾಳದಲ್ಲಿ ತಡೆ ಉಂಟಾಗುವುದು. ಮನುಷ್ಯ, ಹಸು, ಕುರಿ, ನಾಯಿ, ಬೆಕ್ಕು ಎಲ್ಲರಲ್ಲಿಯೂ ಕಾಮಾಲೆಯನ್ನು ವೈದ್ಯರು ಈ ಮೂರು ವಿಭಾಗಗಳಲ್ಲಿಯೇ ಗುರುತಿಸುತ್ತಾರೆ.

ವಯಸ್ಕರ ರಕ್ತದಲ್ಲಿ ಬಿಲಿರುಬಿನ್ ಪ್ರಮಾಣ ಸಾಮಾನ್ಯವಾಗಿ ಪ್ರತಿ ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ ಒಳಗಿರುತ್ತದೆ. ಅದು 2ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣತೊಡಗುತ್ತದೆ. ಕ್ಯಾರೆಟ್, ಪಪ್ಪಾಯಿ ಅತಿಯಾಗಿ ತಿಂದವರ ಅಂಗೈ ಹಳದಿಯಾಗುವುದುಂಟು. ಆದರೆ ಅವರ ಕಣ್ಣು ಬೆಳ್ಳಗೇ ಇರುತ್ತದೆ, ಅದು ಕಾಮಾಲೆಯಲ್ಲ. ಪ್ರಾಣಿಗಳ ಚರ್ಮವನ್ನು ಕೂದಲು ಮುಚ್ಚಿರುವುದರಿಂದ ಕಣ್ಣಿನ ಬಿಳಿಭಾಗ, ಒಸಡು ಮತ್ತು ಕಿವಿಯ ಒಳಭಾಗವನ್ನು ಹಗಲು ಬೆಳಕಿನಲ್ಲಿ ನೋಡಬೇಕು.

ಮನುಷ್ಯರಲ್ಲಿ ಪ್ರಮುಖ ಕಾರಣಗಳು

ನೀರು ಮತ್ತು ಆಹಾರದಿಂದ: ಹೆಪಟೈಟಿಸ್ ಎ ಮತ್ತು ಇ ವೈರಸ್ಸುಗಳು ಮಲದಿಂದ ಕಲುಷಿತಗೊಂಡ ನೀರು, ಆಹಾರಗಳ ಮೂಲಕ ಹರಡುತ್ತವೆ. ದೇಶದ ಇತಿಹಾಸದಲ್ಲಿ ದಾಖಲಾದ ದೊಡ್ಡ ಕಾಮಾಲೆ ಪಿಡುಗು 1955ರ ಕೊನೆ ಮತ್ತು 1956ರ ಆರಂಭದಲ್ಲಿ ದೆಹಲಿಯಲ್ಲಿ ಸಂಭವಿಸಿತು. ಯಮುನಾ ನದಿಯಿಂದ ನೀರೆತ್ತುವ ಸ್ಥಳಕ್ಕೆ ಚರಂಡಿ ನೀರು ನುಗ್ಗಿದ್ದರಿಂದ ಸುಮಾರು 29 ಸಾವಿರ ಜನ ಕಾಮಾಲೆಗೆ ತುತ್ತಾದರು. ಅದು ಹೆಪಟೈಟಿಸ್ ಇ ಎಂಬುದು ಖಚಿತವಾದದ್ದು ಹಲವು ದಶಕಗಳ ನಂತರ. ಈ ರೋಗ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಶಮನವಾದರೂ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿರುವವರಿಗೆ ಅತ್ಯಂತ ಅಪಾಯಕಾರಿ. ಅಂಥವರಲ್ಲಿ ಮರಣ ಪ್ರಮಾಣ ಶೇ 20ರಿಂದ 25ರವರೆಗೂ ಏರಬಹುದು.

ರಕ್ತದಿಂದ: ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಸೋಂಕಿತ ರಕ್ತ, ಶುದ್ಧಗೊಳಿಸದ ಸೂಜಿ ಮತ್ತು ಕ್ಷೌರದ ಬ್ಲೇಡುಗಳಿಂದ ಹರಡುತ್ತವೆ. ಬಿ ವೈರಸ್ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೂ ಹರಡುತ್ತದೆ. ಇವು ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಯಕೃತ್ತನ್ನು ಗಡುಸಾಗಿಸಿ, ಕ್ಯಾನ್ಸರಿಗೂ ಕಾರಣವಾಗಬಲ್ಲವು.

ಮದ್ಯ, ಔಷಧ ಮತ್ತು ವಿಷ: ದೀರ್ಘಕಾಲದ ಮದ್ಯಪಾನ, ಮಿತಿಮೀರಿದ ಪ್ಯಾರಾಸಿಟಮಾಲ್ ಹಾಗೂ ಕೆಲವರಲ್ಲಿ ಕ್ಷಯರೋಗದ ಮಾತ್ರೆಗಳು ಯಕೃತ್ತಿಗೆ ಹಾನಿ ಮಾಡುತ್ತವೆ. ಕ್ಷಯದ ಮಾತ್ರೆ ಸೇವಿಸುವವರಿಗೆ ಕಣ್ಣು ಹಳದಿಯಾದರೆ ಕೂಡಲೇ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಹಳದಿ ರಂಜಕವಿರುವ ಇಲಿ ಪಾಷಾಣದ ಪೇಸ್ಟ್ ಮಕ್ಕಳ ಅಥವಾ ನಾಯಿಗಳ ಬಾಯಿಗೆ ಹೋದರೆ ಮೊದಲ ಒಂದೆರಡು ದಿನ ಏನೂ ಆಗದಂತೆ ತೋರಿ, ಬಳಿಕ ಯಕೃತ್ತು ಕುಸಿಯುತ್ತದೆ. ಆದ್ದರಿಂದ ಲಕ್ಷಣಗಳಿಗಾಗಿ ಕಾಯಬಾರದು.

ಪಿತ್ತನಾಳದ ತಡೆ: ಪಿತ್ತಕಲ್ಲು ಅಥವಾ ಗಡ್ಡೆಯಿಂದ ನಾಳ ಮುಚ್ಚಿದಾಗ ಮಲ ಸುಣ್ಣದಂತೆ ಬಿಳಿಚಿಕೊಂಡು, ಮೂತ್ರ ಕಡು ಬಣ್ಣಕ್ಕೆ ತಿರುಗಿ, ಮೈ ತುರಿಸುತ್ತದೆ. ಇದಕ್ಕೆ ಪಥ್ಯದಿಂದ ಪರಿಹಾರವಿಲ್ಲ. ಎಂಡೋಸ್ಕೋಪಿ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ನವಜಾತ ಶಿಶುಗಳಲ್ಲಿ: ಹುಟ್ಟಿದ ಎರಡು ಮೂರನೆಯ ದಿನ ಸೌಮ್ಯ ಕಾಮಾಲೆ ಕಾಣಿಸಿಕೊಂಡು ಒಂದೆರಡು ವಾರಗಳಲ್ಲಿ ಇಳಿಯುವುದು ಸಾಮಾನ್ಯ. ಆದರೆ ಮೊದಲ 24 ಗಂಟೆಗಳಲ್ಲೇ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹರಡಿದರೆ, ಮಗು ಹಾಲು ಕುಡಿಯದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಿಲಿರುಬಿನ್ ಮಿದುಳನ್ನು ತಲುಪಿದರೆ ಶಾಶ್ವತ ಹಾನಿ ಉಂಟಾಗುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಬೆಳಕಿನ ಪರಿಣಾಮ ಗಮನಕ್ಕೆ ಬಂದ ನಂತರ ರೂಪುಗೊಂಡ ನೀಲಿ ಬೆಳಕಿನ ಚಿಕಿತ್ಸೆ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಮಗುವನ್ನು ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಬದಲಿಯಲ್ಲ.

ಜಾನುವಾರುಗಳಲ್ಲಿ: ಉಣ್ಣೆ, ಲಂಟಾನ, ಹಿಂಡಿ

ದನಗಳಲ್ಲಿ ಕಾಮಾಲೆಗೆ ಮುಖ್ಯ ಕಾರಣ ಉಣ್ಣೆಗಳು ಹರಡುವ ರಕ್ತದ ರೋಗಗಳು. ಉಣ್ಣೆ ರೋಗವನ್ನು ಸಾಗಿಸಬಲ್ಲದು ಎಂಬುದನ್ನು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ದನಗಳ ಟೆಕ್ಸಾಸ್ ಜ್ವರದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಅದೇ ರೋಗವನ್ನು ಇಂದು ಬೆಬೀಸಿಯೋಸಿಸ್ ಎಂದು ಕರೆಯಲಾಗುತ್ತದೆ. ತೀವ್ರ ಜ್ವರದೊಂದಿಗೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು ಇದರ ಗುರುತು. ಅನಾಪ್ಲಾಸ್ಮೋಸಿಸ್‌ನಲ್ಲಿ ಕಾಮಾಲೆ, ರಕ್ತಹೀನತೆ ಇದ್ದರೂ ಮೂತ್ರ ಕೆಂಪಾಗುವುದಿಲ್ಲ. ಥೈಲೇರಿಯೋಸಿಸ್‌ನಲ್ಲಿ ಜ್ವರದ ಜೊತೆಗೆ ಹೆಗಲು ಮತ್ತು ತೊಡೆಸಂದಿಯ ಗ್ರಂಥಿಗಳು ಊದಿಕೊಳ್ಳುತ್ತವೆ. ದೇಸಿ ತಳಿಗಳಿಗಿಂತ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳಿಗೆ ಈ ರೋಗಗಳ ಬಾಧೆ ಹೆಚ್ಚು.

ಈ ಮೂರಕ್ಕೂ ಔಷಧ ಬೇರೆ ಬೇರೆ. ಬೆಬೀಸಿಯೋಸಿಸ್‌ಗೆ ಡಿಮಿನಾಜೀನ್ ಅಥವಾ ಇಮಿಡೊಕಾರ್ಬ್, ಅನಾಪ್ಲಾಸ್ಮೋಸಿಸ್‌ಗೆ ಆಕ್ಸಿಟೆಟ್ರಾಸೈಕ್ಲಿನ್, ಥೈಲೇರಿಯೋಸಿಸ್‌ಗೆ ಬುಪಾರ್ವಕ್ವೋನ್ ನೀಡಲಾಗುತ್ತದೆ. ಯಾವುದು ಎಂಬುದನ್ನು ರಕ್ತಲೇಪನ ಪರೀಕ್ಷೆಯಿಂದ ಪಶುವೈದ್ಯರು ನಿರ್ಧರಿಸುತ್ತಾರೆ. ಥೈಲೇರಿಯೋಸಿಸ್ ತಡೆಗೆ ದೇಶದಲ್ಲೇ ತಯಾರಾಗುವ ರಕ್ಷಾವ್ಯಾಕ್-ಟಿ ಲಸಿಕೆ ಇದೆ.

ಬರಗಾಲದಲ್ಲಿ ಹುಲ್ಲು ಸಿಗದೆ ದನ, ಕುರಿ, ಮೇಕೆಗಳು ಲಂಟಾನ ಎಲೆಗೆ ಬಾಯಿ ಹಾಕುವುದುಂಟು. ಅದರಲ್ಲಿನ ವಿಷ ಪಿತ್ತರಸದ ಹರಿವನ್ನು ತಡೆಯುತ್ತದೆ. ಕಣ್ಣು ಹಳದಿಯಾಗುವುದರ ಜೊತೆಗೆ ಬಿಸಿಲು ತಾಗಿದ ಕಡೆ, ವಿಶೇಷವಾಗಿ ಮುಸುಡಿ ಮತ್ತು ಕಿವಿಯ ಚರ್ಮ ಸುಟ್ಟಂತಾಗಿ ಬಿರಿಯುತ್ತದೆ. ಇಂಥ ಪ್ರಾಣಿಯನ್ನು ಕೂಡಲೇ ನೆರಳಿಗೆ ಕಟ್ಟಬೇಕು. ಹೊಟ್ಟೆಯಲ್ಲಿರುವ ವಿಷವನ್ನು ಹೀರಲು ಇದ್ದಿಲಿನ ಪುಡಿ, ದ್ರಾವಣ ಮುಂತಾದ ಚಿಕಿತ್ಸೆಯನ್ನು ವೈದ್ಯರು ನೀಡುತ್ತಾರೆ.

ಕುರಿ ಸಾಕಣೆದಾರರು ಗಮನಿಸಬೇಕಾದ ಮತ್ತೊಂದು ಅಂಶವೆಂದರೆ ತಾಮ್ರ. ದನಗಳಿಗಾಗಿ ತಯಾರಿಸಿದ ಖನಿಜ ಮಿಶ್ರಣವನ್ನು ಕುರಿಗಳಿಗೆ ದೀರ್ಘಕಾಲ ತಿನ್ನಿಸಿದರೆ ಅವುಗಳ ಯಕೃತ್ತಿನಲ್ಲಿ ತಾಮ್ರ ಸಂಗ್ರಹವಾಗಿ, ಒಂದು ದಿನ ಹಠಾತ್ತನೆ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಾಮಾಲೆ ಕಾಣಿಸಿಕೊಂಡ ಕುರಿ ಒಂದೆರಡು ದಿನಗಳಲ್ಲಿ ಸಾಯಬಹುದು.

ನಾಯಿ, ಬೆಕ್ಕುಗಳಲ್ಲಿ

ನಗರಗಳ ಮನೆಗಳಲ್ಲಿ ಸಾಕುವ ನಾಯಿಗಳಿಗೆ ಇಲಿ ಜ್ವರ, ಉಣ್ಣೆಯಿಂದ ಬರುವ ಬೆಬೀಸಿಯೋಸಿಸ್ ಮತ್ತು ಅಡಿನೋವೈರಸ್‌ನಿಂದ ಬರುವ ನಾಯಿ ಹೆಪಟೈಟಿಸ್ ಕಾಮಾಲೆಯ ಮುಖ್ಯ ಕಾರಣಗಳು. ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್ ಸಹ ನಾಯಿಗಳ ಯಕೃತ್ತಿಗೆ ಮಾರಕ. ಬೆಕ್ಕುಗಳಿಗೆ ಪ್ಯಾರಾಸಿಟಮಾಲ್ ಕೊಡಲೇಬಾರದು, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಆಹಾರ ಬಿಟ್ಟರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆ ಬರುತ್ತದೆ. ಬೆಕ್ಕಿನ ಉಪವಾಸವನ್ನು ನಿರ್ಲಕ್ಷಿಸಬಾರದು.

ಒಬ್ಬರಿಂದೊಬ್ಬರಿಗೆ ಹರಡುವುದೇ?

ಮನುಷ್ಯರ ಹೆಪಟೈಟಿಸ್ ಎ, ಬಿ ವೈರಸ್ಸುಗಳು ನಾಯಿ, ದನಗಳಿಗೆ ಹರಡುವುದಿಲ್ಲ. ನಾಯಿಗಳ ಹೆಪಟೈಟಿಸ್ ಮನುಷ್ಯರಿಗೆ ಬರುವುದಿಲ್ಲ. ಆದರೆ ಇಬ್ಬರನ್ನೂ ಒಟ್ಟಿಗೆ ಬಾಧಿಸಬಲ್ಲ ಎರಡು ಮುಖ್ಯ ಕಾರಣಗಳಿವೆ.

ಮೊದಲನೆಯದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನ, ಹಂದಿ, ನಾಯಿಗಳ ಮೂತ್ರದಿಂದ ಕಲುಷಿತವಾದ ನೀರು ಮತ್ತು ಕೆಸರಿನ ಮೂಲಕ, ಚರ್ಮದ ಗಾಯಗಳಿಂದ ರೋಗಾಣು ದೇಹ ಪ್ರವೇಶಿಸುತ್ತದೆ. ಜ್ವರ, ಮೀನಖಂಡದ ತೀವ್ರ ನೋವು, ಕೆಂಪು ಕಣ್ಣು, ನಂತರ ಕಾಮಾಲೆ ಮತ್ತು ಮೂತ್ರಪಿಂಡದ ವೈಫಲ್ಯ ಇದರ ಲಕ್ಷಣಗಳು. ಆರಂಭದಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಸಾಮಾನ್ಯ ಔಷಧಗಳಿಂದ ಗುಣವಾಗುತ್ತದೆ. ಇದನ್ನು ಬರಿಯ ಜಾಂಡೀಸ್ ಎಂದು ಭಾವಿಸಿ ನಾಟಿ ಮದ್ದಿನಲ್ಲಿ ವಾರ ಕಳೆದರೆ ಆ ಅವಕಾಶ ಕೈತಪ್ಪುತ್ತದೆ. ಸಾಕುನಾಯಿಗೆ ಕಾಮಾಲೆ ಬಂದರೆ ಮನೆಯವರು ಅದರ ಮೂತ್ರವನ್ನು ಬರಿಗೈಯಿಂದ ಮುಟ್ಟಬಾರದು. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ ನಾಯಿಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಎರಡನೆಯದು ಬೂಷ್ಟು ಹಿಡಿದ ಆಹಾರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಶಿಲೀಂಧ್ರದ ವಿಷವೇ ಕಾರಣವೆಂದು ಪತ್ತೆಯಾಯಿತು. ಅದೇ ಅಫ್ಲಾಟಾಕ್ಸಿನ್. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿ ಪ್ರದೇಶದ ಗ್ರಾಮಗಳಲ್ಲಿ ಅಕಾಲಿಕ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಸುಮಾರು 400 ಜನ ಕಾಮಾಲೆ ಮತ್ತು ಹೊಟ್ಟೆಯೂತಕ್ಕೆ ತುತ್ತಾದರು. ಅವರಲ್ಲಿ 106 ಮಂದಿ ಮೃತಪಟ್ಟರು. ಅದೇ ಮನೆಗಳ ಊಟ ತಿಂದ ನಾಯಿಗಳಲ್ಲೂ ಇದೇ ಲಕ್ಷಣ ಕಂಡುಬಂದಿತ್ತು. ಅದು ಸಾಂಕ್ರಾಮಿಕ ವೈರಸ್ ಅಲ್ಲ, ಆಹಾರದ ವಿಷ ಎಂಬ ನಿರ್ಣಯಕ್ಕೆ ಬರುವಲ್ಲಿ ಇದೂ ಒಂದು ಸುಳಿವಾಯಿತು.

ಕಡಲೆಕಾಯಿ ಬೆಳೆಗೆ ಮತ್ತು ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಸರಿಯಾಗಿ ಒಣಗದ ಕಾಯಿಯಲ್ಲಿ, ತೇವವಿರುವ ಕೋಣೆಯಲ್ಲಿ ಇಟ್ಟ ಹಿಂಡಿಯಲ್ಲಿ ಈ ಶಿಲೀಂಧ್ರ ಬೆಳೆಯುತ್ತದೆ. ಬೇಯಿಸಿದರೂ ಹುರಿದರೂ ವಿಷ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಮನುಷ್ಯರು ತಿನ್ನುವುದಿಲ್ಲವೆಂದು ಹಸುವಿಗೆ ಹಾಕಿದರೆ ವಿಷದ ಒಂದಂಶ ಹಾಲಿನ ಮೂಲಕ ಮನೆಗೇ ಮರಳುತ್ತದೆ.

ನಾಟಿ ಮದ್ದು ಫಲಿಸಿದಂತೆ ಕಾಣುವುದೇಕೆ?

ಕಾಮಾಲೆಗೆ ಮದ್ದು ಕೊಡುವವರು ರಾಜ್ಯದ ಎಲ್ಲ ಭಾಗಗಳಲ್ಲಿಯೂ ಇದ್ದಾರೆ. ಎಲೆಯ ರಸ ಕುಡಿಸುವುದು, ಮೂಗಿಗೆ ಹನಿ ಹಾಕುವುದು, ಕೈಗೆ ಸುಣ್ಣದ ನೀರು ಸವರಿ ಹಳದಿ ಇಳಿಸುವುದು, ಬರೆ ಹಾಕುವುದು ಹೀಗೆ ಹಲವು ಪದ್ಧತಿಗಳಿವೆ. ಇವುಗಳ ಮೇಲಿನ ಜನರ ನಂಬಿಕೆಗೆ ಕಾರಣವಿಲ್ಲದಿಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕರಲ್ಲಿ ಯಾವ ಮದ್ದೂ ಇಲ್ಲದೆ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ಅವಧಿಯಲ್ಲಿ ಯಾವ ಮದ್ದು ನಡೆದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಗುಣವಾಗದವರು ಕೊನೆಗೆ ದೊಡ್ಡ ಆಸ್ಪತ್ರೆ ಸೇರುವುದರಿಂದ ಅಪಕೀರ್ತಿ ಆಸ್ಪತ್ರೆಯ ಪಾಲಾಗುತ್ತದೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವಾಹಕರಿಗೆ ಇದನ್ನು ನೀಡಿ ಶೇ 59ರಷ್ಟು ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ನಂತರ ಬೇರೆಡೆ ನಡೆದ ಪ್ರಯೋಗಗಳಲ್ಲಿ ಅಂಥ ಫಲಿತಾಂಶ ದೊರೆಯಲಿಲ್ಲ. ಹೀಗಾಗಿ ಅದನ್ನು ನಂಬಿ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ. ಬರೆ ಹಾಕುವುದರಿಂದ ಪ್ರಯೋಜನವಿಲ್ಲ. ನಂಜು ಮತ್ತು ಧನುರ್ವಾಯುವಿನ ಅಪಾಯವಷ್ಟೇ ಉಳಿಯುತ್ತದೆ. ಜಾನುವಾರುಗಳಿಗೆ ಬರೆ ಹಾಕುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪರೀಕ್ಷೆ ಮತ್ತು ಚಿಕಿತ್ಸೆ

ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವಗಳ ರಕ್ತಪರೀಕ್ಷೆ, ಹೆಪಟೈಟಿಸ್ ವೈರಸ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಅವಧಿಯ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್, ಇವಿಷ್ಟರಿಂದ ಬಹುತೇಕ ಕಾರಣಗಳು ತಿಳಿದುಬರುತ್ತವೆ. ಹೆಪಟೈಟಿಸ್ ಎ ಮತ್ತು ಇ ಸೋಂಕಿಗೆ ಸಾಮಾನ್ಯವಾಗಿ ವಿಶ್ರಾಂತಿ, ದ್ರವಾಹಾರ ಮತ್ತು ನಿಗಾ ಸಾಕು. ಉಪ್ಪು, ಎಣ್ಣೆ, ಅರಿಶಿನ ಎಲ್ಲವನ್ನೂ ಬಿಡಿಸಿ ವಾರಗಟ್ಟಲೆ ಬರಿಯ ಗಂಜಿಯಲ್ಲಿಡುವ ಕಠಿಣ ಪಥ್ಯದ ಅಗತ್ಯವಿಲ್ಲ. ರೋಗಿಗೆ ಸೇರುವ ಸಾಧಾರಣ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಮದ್ಯವನ್ನು ಮಾತ್ರ ಪೂರ್ಣವಾಗಿ ತ್ಯಜಿಸಬೇಕು. ವೈದ್ಯರನ್ನು ಕೇಳದೆ ಯಾವುದೇ ಮಾತ್ರೆ ಸೇವಿಸಬಾರದು.

ಹೆಪಟೈಟಿಸ್ ಸಿ ಸೋಂಕು ಈಗ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಗಳಿಂದ ಬಹುತೇಕರಲ್ಲಿ ಸಂಪೂರ್ಣ ಗುಣವಾಗುತ್ತದೆ. ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕನ್ನು ಟೆನೊಫೊವಿರ್‌ನಂತಹ ಮಾತ್ರೆಗಳಿಂದ ಹತೋಟಿಯಲ್ಲಿಡಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆ ಮತ್ತು ಔಷಧ ಉಚಿತ.

ತಡೆಯುವ ಬಗೆ

ಬಯಲುಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇರುವುದರಿಂದ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ. ಆದರೆ ಘಟಕದ ನೀರು ತೊಳೆಯದ ಕ್ಯಾನಿನಲ್ಲಿ ತುಂಬಿದರೆ ಅಥವಾ ಕೈ ಅದ್ದಿ ಮೊಗೆದರೆ ಮತ್ತೆ ಕಲುಷಿತವಾಗುತ್ತದೆ. 2023ರ ಜುಲೈ ಕೊನೆ ಮತ್ತು ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಹಲವರು ಮೃತಪಟ್ಟದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಅದು ಕಾಮಾಲೆಯಲ್ಲವಾದರೂ ಹೆಪಟೈಟಿಸ್ ಎ ಮತ್ತು ಇ ಹರಡುವುದೂ ಇದೇ ಮಾರ್ಗದಲ್ಲಿ. ನೀರನ್ನು ಕುದಿಸಿ ಕುಡಿಯುವುದು, ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು ಮತ್ತು ಬೆಟ್ಟ, ಜಾತ್ರೆಗಳಿಗೆ ಹೋಗುವಾಗ ನೀರು ಒಯ್ಯುವುದು ಸರಳ ಉಪಾಯಗಳು.

ನವಜಾತ ಶಿಶುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವ್ಯಾಲೆಂಟ್ ಲಸಿಕೆ ಹಾಕಿಸಬೇಕು. ನಾಯಿಗೆ ಹೆಪಟೈಟಿಸ್ ಮತ್ತು ಇಲಿ ಜ್ವರ ಒಳಗೊಂಡ ಲಸಿಕೆಯನ್ನು ಹಾಕಿಸಿ, ಇಲಿ ಜ್ವರದ ಲಸಿಕೆಯನ್ನು ಪ್ರತಿವರ್ಷ ಪುನರಾವರ್ತಿಸಬೇಕು. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿ ಉಣ್ಣೆ ನಿಯಂತ್ರಿಸಬೇಕು. ಕಾಳು, ಹಿಂಡಿಗಳನ್ನು ಒಣಗಿಸಿ ನೆಲದಿಂದ ಎತ್ತರದಲ್ಲಿ ಇಡಬೇಕು.

ತಡಮಾಡಬಾರದ ಸಂದರ್ಭಗಳು

ಕಾಮಾಲೆಯ ರೋಗಿ ಅತಿಯಾಗಿ ನಿದ್ದೆ ಹೋಗುವುದು, ಗೊಂದಲದಿಂದ ಮಾತನಾಡುವುದು, ಎಡೆಬಿಡದ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಚಳಿಜ್ವರದೊಡನೆ ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಗೆ ಕಣ್ಣು ಹಳದಿಯಾದರೆ ಬೇರೆ ಲಕ್ಷಣಗಳಿಗಾಗಿ ಕಾಯುವಂತಿಲ್ಲ. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು. ಜಾನುವಾರು ಮೇವು ಬಿಟ್ಟು, ಜ್ವರದಿಂದ ಬಳಲಿ, ಮೂತ್ರ ಕೆಂಪಾದರೆ ಅದೇ ದಿನ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ ಸಂಖ್ಯೆ 1962.

ಕಣ್ಣಿನ ಹಳದಿ ಯಾವ ಕಾರಣದಿಂದ ಬಂದಿದೆ ಎಂಬುದನ್ನು ಬರಿಗಣ್ಣಿನಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ. ಮನೆಯ ಮಗುವಾಗಲಿ, ಕೊಟ್ಟಿಗೆಯ ಹಸುವಾಗಲಿ, ಮೊದಲು ರಕ್ತಪರೀಕ್ಷೆ ಆಗಲಿ, ಮದ್ದು ಆಮೇಲೆ.